ಪಾಯ ತೆಗೆದಾಗ ಸಿಕ್ಕ ಬೋಕಿ ಎಷ್ಟು ಹಳೆಯದು? ಬ್ರಹ್ಮಗಿರಿ ಮಡಕೆಗಳ ಲೆಕ್ಕಾಚಾರ

ಮೊಳಕಾಲ್ಮುರು: ಮನೆ ಪಾಯ ತೆಗೆಯುವಾಗ, ಕೆರೆ ಹೂಳು ಎತ್ತುವಾಗ, ಹೊಲದಲ್ಲಿ ಟ್ರ್ಯಾಕ್ಟರ್ ನೇಗಿಲು ಒಂದು ಗೇಣು ಹೆಚ್ಚು ಇಳಿದಾಗ ಮಡಕೆ ಚೂರು ಏಳುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಜೆಸಿಬಿಯವರು ಅದನ್ನು ಮಣ್ಣಿನ ಜೊತೆಗೇ ಟಿಪ್ಪರ್‌ಗೆ ತುಂಬಿಬಿಡ್ತಾರೆ. ಮಕ್ಕಳು ಒಂದೆರಡು ಆರಿಸಿ ಕುಂಟೆಬಿಲ್ಲೆಗೆ ಇಟ್ಟುಕೊಳ್ತಾರೆ. ಇಡೀ ಗಡಿಗೆ ಸಿಕ್ಕರೆ ಮಾತ್ರ ಊರಲ್ಲಿ ಸುದ್ದಿ. ಒಳಗೆ ಏನಿತ್ತು, ಯಾರು ತಗೊಂಡ್ರು ಅಂತ ವಾರಗಟ್ಟಲೆ ಮಾತು. ಗಡಿಗೆ ಎಂಥದ್ದು, ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅಂತ ಕೇಳುವವರು ಕಡಿಮೆ. ಪುರಾತತ್ವದವರು ಮೊದಲು ಕೇಳುವುದು ಅದನ್ನೇ.

ಈ ತಾಲ್ಲೂಕಿನಲ್ಲಿ ಬೋಕಿ ಸಣ್ಣ ವಿಷಯವೇ ಅಲ್ಲ. ದಕ್ಷಿಣ ಭಾರತದಲ್ಲಿ ಶಾಸನ, ಗ್ರಂಥ ಯಾವುದೂ ಇಲ್ಲದ ಕಾಲದಲ್ಲಿ ಯಾರ ನಂತರ ಯಾರು ಬದುಕಿದ್ದರು ಅನ್ನುವುದನ್ನು ಮೊದಲ ಸಲ ಸಾಲಾಗಿ ಜೋಡಿಸಿದ್ದು ಇಲ್ಲಿನ ಬ್ರಹ್ಮಗಿರಿಯ ಮಡಕೆ ಚೂರುಗಳಿಂದ.

ಮಡಕೆಯೇ ಯಾಕೆ ಅಂದರೆ, ಉಳಿಯುವುದು ಅದೊಂದೇ. ಮರ ಗೆದ್ದಲಿಗೆ ಹೋಗುತ್ತೆ, ಬಟ್ಟೆ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ, ಬಂಗಾರವನ್ನು ಕರಗಿಸಿ ಮತ್ತೊಂದು ಒಡವೆ ಮಾಡಿಸ್ತಾರೆ. ಒಮ್ಮೆ ಸುಟ್ಟ ಮಣ್ಣು ಮತ್ತೆ ಮಣ್ಣಾಗಲ್ಲ, ಒಡೆದ ಮಡಕೆಗೆ ಬೆಲೆಯೂ ಇಲ್ಲ. ಹಾಗಾಗಿ ಬಹುಪಾಲು ಎಲ್ಲಿ ಒಡೆಯಿತೋ ಅಲ್ಲೇ ಹಿತ್ತಲಲ್ಲಿ ಬಿದ್ದಿರುತ್ತೆ. ಬೆಲೆ ಇಲ್ಲದ್ದಕ್ಕೇ ಅದು ಸಾಕ್ಷಿಯಾಗಿ ಉಳಿದಿದೆ. ಅಂದಹಾಗೆ, ಅಂಚು ಉಜ್ಜಿ ದುಂಡಗೆ ಮಾಡಿದ ಬೋಕಿ ಬಿಲ್ಲೆಗಳು ದೇಶದ ಎಷ್ಟೋ ಉತ್ಖನನಗಳಲ್ಲಿ ಸಿಕ್ಕಿವೆ. ಕುಂಟೆಬಿಲ್ಲೆ ಆಟ ಇವತ್ತಿನದಲ್ಲ ಅಂತ ಕಾಣುತ್ತೆ.

ಬೆಟ್ಟದ ಬುಡದ ಊರು

ಬ್ರಹ್ಮಗಿರಿ ಇರುವುದು ಸಿದ್ದಾಪುರ, ರೊಪ್ಪ ಊರುಗಳ ಮಗ್ಗುಲಲ್ಲಿ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಅದರಲ್ಲಿ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಹೇಳಿದ ಮಾತಿದೆ. ಆ ಇಸಿಲ ಈ ಬೆಟ್ಟದ ಬುಡದಲ್ಲೇ ಇತ್ತು ಅನ್ನುವುದು ವಿದ್ವಾಂಸರ ಅಭಿಪ್ರಾಯ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಇಲ್ಲೂ, ಚಿತ್ರದುರ್ಗದ ಮಗ್ಗುಲ ಚಂದ್ರವಳ್ಳಿಯಲ್ಲೂ ಮೊದಲು ಅಗೆಸಿದರು. ಆಮೇಲೆ 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಎರಡೂ ಕಡೆ ಗುಂಡಿ ತೋಡಿಸಿದರು. ಮಣ್ಣನ್ನು ಪದರ ಪದರವಾಗಿ ಬಿಡಿಸಿ, ಯಾವ ಪದರದ ಚೂರು ಯಾವುದು ಅಂತ ಬೇರೆ ಬೇರೆ ಇಡಿಸಿದರು. ಆಗ ಹೊರಬಿದ್ದದ್ದು ಮೂರು ಕಾಲ, ಮೂರು ಥರದ ಮಡಕೆ.

ತೀರಾ ಕೆಳಗಿನ ಪದರದಲ್ಲಿ ನುಣ್ಣಗೆ ಉಜ್ಜಿದ ಕಲ್ಲಿನ ಕೊಡಲಿ ಬಳಸುತ್ತಿದ್ದವರ ಮಡಕೆಗಳು. ಹೆಚ್ಚಿನವು ಬೂದು ಬಣ್ಣ, ಒರಟು ಮಣ್ಣು, ತಿಗರಿ ಇಲ್ಲದೆ ಕೈಯಲ್ಲೇ ತಟ್ಟಿ ಮಾಡಿದವು. ಕೆಲವಕ್ಕೆ ಮೈ ಉಜ್ಜಿ ನಯ ಮಾಡಿದ್ದಾರೆ, ಕೆಲವಕ್ಕೆ ಸೊಂಡಿಲಿನಂಥ ಬಾಯಿ ಇದೆ, ತೂತು ತೂತಿನ ಪಾತ್ರೆಗಳೂ ಇವೆ. ಬಣ್ಣದ ಗೆರೆ ಎಳೆದವು ಬಹಳ ಅಪರೂಪ.

ಅದರ ಮೇಲಿನ ಪದರಕ್ಕೆ ಬಂದರೆ ಕಬ್ಬಿಣ ಬಂತು, ಮಡಕೆಯೂ ಬದಲಾಯಿತು. ತಿಗರಿ ಮೇಲೆ ತಿರುಗಿಸಿದ, ಮಿರಿಮಿರಿ ಮೈಯ, ಒಳಗೆ ಕಪ್ಪು ಹೊರಗೆ ಕೆಂಪು ಇರುವ ಬಟ್ಟಲು, ತಟ್ಟೆ, ಗಡಿಗೆ. ಹಿಡಿ ಇರುವ ಶಂಕುವಿನಾಕಾರದ ಮುಚ್ಚಳ, ಕಾಲಿರುವ ಜಾಡಿ, ದುಂಡು ತಳದ ಮಡಕೆ ಉರುಳದಂತೆ ಕೆಳಗಿಡುವ ಮಣ್ಣಿನ ಸಿಂಬೆ ಇವೆಲ್ಲ ಈ ಕಾಲದವು. ಬೆಟ್ಟದ ಸುತ್ತ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿಗಳಿವೆಯಲ್ಲ, ಜನ ಮೋರೇರ ಮನೆ, ಪಾಂಡವರ ಮನೆ ಅಂತೆಲ್ಲ ಕರೆಯುವಂಥವು, ಅದರೊಳಗೆ ಸಿಕ್ಕಿದ್ದೂ ಇದೇ ಕಪ್ಪು-ಕೆಂಪು ಮಡಕೆ. ಊರಿನ ಪದರದ ಮಡಕೆಯೂ ಗೋರಿಯ ಮಡಕೆಯೂ ಒಂದೇ ಆಗಿದ್ದರಿಂದ, ಆ ಗೋರಿ ಕಟ್ಟಿದವರು ಈ ಪದರದ ಜನ ಅನ್ನುವುದು ಗಟ್ಟಿಯಾಯಿತು. ಇದನ್ನು ಬೃಹತ್ ಶಿಲಾಯುಗ ಅಂತಾರೆ.

ಈ ಕಾಲದ ಎಷ್ಟೋ ಮಡಕೆಗಳ ಮೇಲೆ ಗೀಚಿದ ಗುರುತುಗಳಿವೆ. ಸುಟ್ಟ ಮೇಲೆ ಚೂಪಾದ ವಸ್ತುವಿನಲ್ಲಿ ಗೀಚಿದ್ದು. ಅಕ್ಷರವೋ, ಕುಲದ ಗುರುತೋ, ಯಜಮಾನನ ಗುರುತೋ ಅಂತ ವಿದ್ವಾಂಸರಲ್ಲಿ ಇವತ್ತಿಗೂ ಜಗಳ ಇದೆ. ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸುವ ಊರುಗಳವರಿಗೆ ಮೂರನೆಯ ಉತ್ತರ ಅಷ್ಟೇನೂ ವಿಚಿತ್ರ ಅನಿಸಲಿಕ್ಕಿಲ್ಲ.

ಎಲ್ಲಕ್ಕಿಂತ ಮೇಲಿನ ಪದರ ಶಾತವಾಹನರ ಕಾಲದ್ದು. ಬಿಳಿ ಗೆರೆಗಳ ಚಿತ್ತಾರ, ಮೈಗೆ ಕಾವಿ ಬಣ್ಣದ ಲೇಪ. ಇದಕ್ಕೆ ವರದಿಯಲ್ಲಿ ಆಂಧ್ರ ಮಡಕೆ ಅನ್ನುವ ಹೆಸರು ಬಿದ್ದಿದೆ. ಆಂಧ್ರಪ್ರದೇಶದಿಂದ ತಂದದ್ದು ಅಂತ ತಿಳಿಯಬೇಕಿಲ್ಲ. ಪುರಾಣಗಳಲ್ಲಿ ಶಾತವಾಹನರನ್ನು ಆಂಧ್ರರು ಅಂತ ಕರೆದಿರುವುದರಿಂದ ಬಂದ ಹೆಸರು ಅಷ್ಟೇ. ಹೆಸರಿಡುವಾಗ ಸ್ವಲ್ಪ ಯೋಚಿಸಿದ್ದರೆ ಇಷ್ಟು ಗೊಂದಲ ಇರುತ್ತಿರಲಿಲ್ಲ.

ಚೂರು ಕೈಗೆ ಬಂದರೆ ನೋಡುವುದೇನು

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳು ಮಡಚಿ ಬಡಿದು ನೋಡ್ತಾರೆ. ಟಣ್ ಅಂದರೆ ಚೆನ್ನಾಗಿ ಬೆಂದಿದೆ, ದಪ್ಪ್ ಅಂದರೆ ಹಸಿ ಅಥವಾ ಬಿರುಕು. ಪುರಾತತ್ವದವರ ಪರೀಕ್ಷೆಯೂ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ಚೂರಿನ ಒಡೆದ ಅಂಚನ್ನು ನೋಡ್ತಾರೆ. ಹೊರಗೆ ಕೆಂಪಿದ್ದು ನಡುವೆ ಬೂದು ಪಟ್ಟಿ ಇದ್ದರೆ ಬೆಂಕಿ ಒಳಗಿನವರೆಗೂ ಸರಿಯಾಗಿ ಹೋಗಿಲ್ಲ. ಮಣ್ಣಿಗೆ ಏನು ಬೆರೆಸಿದ್ದಾರೆ ಅನ್ನುವುದೂ ಅಲ್ಲೇ ಕಾಣುತ್ತೆ: ಮರಳಿನ ಕಾಳು, ಕಾಗೆಬಂಗಾರದ ಮಿಣುಕು, ಹೊಟ್ಟು ಸುಟ್ಟುಹೋದ ಸಣ್ಣ ಸಣ್ಣ ತೂತು. ಒಳಮೈ ಮೇಲೆ ಬೆರಳಿನ ಗೆರೆಗಳು ಒಂದೇ ಸಮ ಸುತ್ತು ಹೊಡೆದಿದ್ದರೆ ತಿಗರಿ ಮೇಲಿನದು. ಗೆರೆ ಇಲ್ಲದೆ ದಪ್ಪ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಕೈಯಲ್ಲಿ ತಟ್ಟಿದ್ದು. ಆದರೆ ತಿಗರಿಯಲ್ಲಿ ತಿರುಗಿಸಿ ಆಮೇಲೆ ಹಲಗೆಯಲ್ಲಿ ತಟ್ಟುವ ಪದ್ಧತಿಯೂ ಉಂಟು. ಹಾಗಾಗಿ ಈ ಒಂದೇ ಗುರುತು ನಂಬಿ ತೀರ್ಪು ಕೊಡುವಂತಿಲ್ಲ.

ಕಪ್ಪು-ಕೆಂಪು ಎರಡು ಬಣ್ಣ ಹೇಗೆ ಬಂತು ಅನ್ನುವುದು ಕುಂಬಾರರ ಮನೆಯವರಿಗೆ ಬೇಗ ಅರ್ಥವಾಗುತ್ತೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತೆ. ಆವಿಗೆಯಲ್ಲಿ ಗಾಳಿ ಆಡಿದ ಕಡೆ ಅದು ಕೆಂಪಾಗುತ್ತೆ. ಗಾಳಿ ಸಿಗದೆ ಹೊಗೆ ಕುಡಿದ ಕಡೆ ಕಪ್ಪಾಗುತ್ತೆ. ಬಟ್ಟಲನ್ನು ಬೋರಲು ಹಾಕಿ, ಬಾಯಿ ಮುಚ್ಚುವಂತೆ ಹುಲ್ಲು, ಹೊಟ್ಟು ತುಂಬಿ ಸುಟ್ಟರೆ ಒಳಗೂ ಬಾಯಂಚಿಗೂ ಕಪ್ಪು, ಹೊರಗೆ ಕೆಂಪು. ಎರಡು ಸಲ ಸುಡುತ್ತಿದ್ದರು ಅನ್ನುವ ವಾದವೂ ಇದೆ. ಹೇಗೇ ಆಗಲಿ, ಇದು ಆಕಸ್ಮಿಕವಾಗಿ ಆದದ್ದಲ್ಲ, ಬೇಕಂತಲೇ ಮಾಡಿದ ಕೆಲಸ.

ಆದರೆ ಬಣ್ಣ ನೋಡಿ ಕಾಲ ಹೇಳಲು ಹೋದರೆ ಮೋಸ ಹೋಗ್ತೀರಿ. ಕಪ್ಪು-ಕೆಂಪು ಮಡಕೆ ರಾಜಸ್ಥಾನದ ಆಹಾರ್‌ನಲ್ಲಿದೆ, ಗುಜರಾತಿನಲ್ಲಿದೆ, ತಮಿಳುನಾಡಿನಲ್ಲಿದೆ. ಕಾಲ ಬೇರೆ, ಜನ ಬೇರೆ. ಅದಕ್ಕೇ ಬಣ್ಣಕ್ಕಿಂತ ಆಕಾರಕ್ಕೆ, ಆಕಾರದಲ್ಲೂ ಬಾಯಿಯ ಅಂಚಿಗೆ ಹೆಚ್ಚು ಬೆಲೆ. ಹೊಟ್ಟೆ ಭಾಗದ ಚೂರುಗಳೆಲ್ಲ ನೋಡಲು ಒಂದೇ ಥರ. ಬಾಯಂಚು ಹಾಗಲ್ಲ, ಹೊರಕ್ಕೆ ಬಾಗಿದ್ದು, ಒಳಕ್ಕೆ ತಿರುಗಿದ್ದು, ದಪ್ಪ ಮಡಚಿದ್ದು, ಕೊಕ್ಕಿನ ಹಾಗೆ ಇಳಿಬಿದ್ದದ್ದು ಅಂತ ಕುಂಬಾರನ ಕೈಯ ಅಭ್ಯಾಸ ಅಲ್ಲೇ ಸಿಗುವುದು. ಮೂರು ಬೆರಳಗಲದ ಅಂಚಿನ ಚೂರು ಸಿಕ್ಕರೂ ಅದನ್ನು ಒಂದರೊಳಗೊಂದು ವೃತ್ತ ಬರೆದ ಹಾಳೆ ಮೇಲಿಟ್ಟು, ಬಳೆ ಅಂಗಡಿಯಲ್ಲಿ ಅಳತೆ ನೋಡುವಂತೆ, ಮಡಕೆಯ ಬಾಯಿ ಎಷ್ಟು ಅಗಲ ಇತ್ತು ಅಂತ ಹೇಳಿಬಿಡ್ತಾರೆ. ಅಂಚು ಆ ವೃತ್ತದಲ್ಲಿ ಎಷ್ಟು ಪಾಲು ಬರುತ್ತೆ ಅಂತಲೂ ಬರೆದುಕೊಳ್ತಾರೆ. ಇಲ್ಲದಿದ್ದರೆ ಒಡೆದು ಅರವತ್ತು ಚೂರಾದ ಒಂದು ಗಡಿಗೆ ಅರವತ್ತು ಗಡಿಗೆ ಅಂತ ಲೆಕ್ಕಕ್ಕೆ ಬಂದುಬಿಡುತ್ತೆ.

ಏನಕ್ಕೆ ಬಳಸಿದ್ದು ಅನ್ನುವುದು ಇನ್ನೊಂದು ಲೆಕ್ಕ. ತಳಕ್ಕೆ ಮಸಿ ಹಿಡಿದಿದ್ದರೆ ಒಲೆ ಮೇಲಿನದು. ಕತ್ತು ಕಿರಿದಾಗಿದ್ದರೆ ನೀರಿನದು. ಕೈ ಇಳಿಸಿ ತೆಗೆಯುವಷ್ಟು ಅಗಲ ಬಾಯಿ, ದಪ್ಪ ಗೋಡೆ ಇದ್ದರೆ ಕಾಳು ತುಂಬಿಡುವುದು. ವರದಿಗಳಲ್ಲಿ ಇವಕ್ಕೆಲ್ಲ ನಂಬರ್ ಕೊಟ್ಟಿರ್ತಾರೆ. ಊರ ಅಜ್ಜಿಯರ ಬಾಯಲ್ಲಾದರೆ ಕುಡಿಕೆ, ಗಡಿಗೆ, ಕೊಡ, ಹರವಿ, ಗುಡಾಣ, ವಾಡೆ ಅಂತ ಗಾತ್ರಕ್ಕೂ ಕೆಲಸಕ್ಕೂ ತಕ್ಕ ಹೆಸರುಗಳಿದ್ದವು. ವರ್ಗೀಕರಣ ಅಂದರೆ ಅದೇ. ಸ್ಟೀಲು, ಪ್ಲಾಸ್ಟಿಕ್ ಬಂದ ಮೇಲೆ ಅರ್ಧ ಹೆಸರು ಮರೆತುಹೋಗಿವೆ.

ಪದರ ತಪ್ಪಿದರೆ ಎಲ್ಲ ತಪ್ಪಿತು

ಚೂರಿಗಿಂತ ಮುಖ್ಯ ಅದು ಬಿದ್ದಿದ್ದ ಪದರ. ಪೇಟೆ ಬೀದಿಯ ಹಿಂದಿನ ತಿಪ್ಪೆಯನ್ನು ನೆನೆಸಿಕೊಳ್ಳಿ. ಅಡಿಯಲ್ಲಿ ಗೋಲಿ ಸೋಡಾ ಬಾಟಲಿ ಗಾಜು, ಅದರ ಮೇಲೆ ಶಾಂಪೂ, ಗುಟ್ಕಾ ಸ್ಯಾಶೆ, ಅದರ ಮೇಲೆ ಪ್ಲಾಸ್ಟಿಕ್ ನೀರಿನ ಬಾಟಲಿ, ಅದರ ಮೇಲೆ ಕೊರೊನಾ ಕಾಲದ ಮಾಸ್ಕ್. ತಾರೀಖು ಎಲ್ಲೂ ಬರೆದಿಲ್ಲ. ಆದರೂ ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರು ಬೇಕಾದರೂ ಹೇಳಬಹುದು. ಮಾಸ್ಕ್ ಇರುವ ಪದರ 2020ಕ್ಕಿಂತ ಹಿಂದಿನದು ಆಗಿರಲಿಕ್ಕೆ ಸಾಧ್ಯ ಕಡಿಮೆ ಅಂತಲೂ ಹೇಳಬಹುದು. ಇಡೀ ತಿಪ್ಪೆಯನ್ನು ಜೆಸಿಬಿಯಲ್ಲಿ ಒಮ್ಮೆ ಕಲಸಿ ಸುರಿದರೆ? ವಸ್ತುಗಳೆಲ್ಲ ಅಲ್ಲೇ ಇರುತ್ತವೆ, ಕಥೆ ಹೋಗಿರುತ್ತೆ.

ಕಲಸುವುದಕ್ಕೆ ಜೆಸಿಬಿಯೇ ಬೇಕಂತಿಲ್ಲ. ಇಲಿ ಬಿಲದಲ್ಲಿ ಮೇಲಿನ ಚೂರು ಕೆಳಗೆ ಇಳಿಯುತ್ತೆ. ಹಿಂದಿನವರು ಕಾಳು ತುಂಬಲು ಹಗೇವು ತೋಡಿದಾಗ ಸಾವಿರ ವರ್ಷ ಹಳೆಯ ಪದರ ಸೀಳಿ, ಅಲ್ಲಿನ ಬೋಕಿಯನ್ನು ಮೇಲಕ್ಕೆ ಎಸೆದಿರ್ತಾರೆ. ಅದಕ್ಕೇ ಉತ್ಖನನದಲ್ಲಿ ಗುಂಡಿಯ ಗೋಡೆ ನೆಟ್ಟಗೆ ಕೆತ್ತಿ, ಮಣ್ಣಿನ ಬಣ್ಣ ನೋಡಿ, ಹಳೇ ಗುಂಡಿಗಳನ್ನು ಬೇರೆಯಾಗಿ ಗುರುತಿಸ್ತಾರೆ. ಸಿಕ್ಕ ಚೂರುಗಳನ್ನು ತೊಳೆದು, ಜಾಗ, ಗುಂಡಿ, ಪದರದ ಗುರುತನ್ನು ಇಂಕಿನಲ್ಲಿ ಚೂರಿನ ಒಳಮೈ ಮೇಲೆ ಬರೆದು, ಬಯಲಲ್ಲಿ ಚೌಕ ಚೌಕ ಹಾಕಿ ಪದರದ ಪ್ರಕಾರ ಹರಡ್ತಾರೆ. ದಿನಗಟ್ಟಲೆ ಕೂತು ಆರಿಸುವ ಕೆಲಸ ನಡೆಯುವುದು ಅಲ್ಲೇ. ಶೇಂಗಾ ಆರಿಸುವ ಕಣಕ್ಕೂ ಅದಕ್ಕೂ ನೋಡಲು ದೊಡ್ಡ ವ್ಯತ್ಯಾಸ ಇಲ್ಲ.

ರೋಮ್‌ನ ಎಣ್ಣೆ ಜಾಡಿಯಿಂದ ಬ್ರಹ್ಮಗಿರಿಗೆ

ಪದರದಿಂದ ಮೊದಲು-ಆಮೇಲೆ ಗೊತ್ತಾಯಿತು. ವರ್ಷ ಹೇಗೆ ಗೊತ್ತಾಗಬೇಕು? ವ್ಹೀಲರ್ ಹಿಡಿದ ದಾರಿ ಸಮುದ್ರ ತೀರದ್ದು. ಎರಡು ವರ್ಷ ಮೊದಲು, 1945ರಲ್ಲಿ, ಅವರು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆಸಿದ್ದರು. ಅಲ್ಲಿ ಇಟಲಿಯಿಂದ ಬಂದ ಕೆಂಪು ಮಿರುಗು ಮಡಕೆ ಸಿಕ್ಕಿತ್ತು. ಅದರ ತಯಾರಿ ಕಾಲ ಯುರೋಪಿನಲ್ಲಿ ಗೊತ್ತಿತ್ತು. ಜೊತೆಗೆ ದ್ರಾಕ್ಷಾರಸ, ಎಣ್ಣೆ ತುಂಬಿ ಹಡಗಿನಲ್ಲಿ ಕಳಿಸುತ್ತಿದ್ದ ಎರಡು ಹಿಡಿಯ ಆಂಫೊರಾ ಜಾಡಿಗಳ ಚೂರು.

ಈ ಆಂಫೊರಾಗಳ ವರ್ಗೀಕರಣ ಅಂಗಡಿ ಇಟ್ಟವರು ಕೇಳಲೇಬೇಕಾದದ್ದು. ರೋಮ್ ನಗರದಲ್ಲಿ ಮಾಂಟೆ ಟೆಸ್ಟಾಚ್ಚೊ ಅಂತ ಸುಮಾರು 35 ಮೀಟರ್ ಎತ್ತರದ ಗುಡ್ಡ ಇದೆ. ಅದು ಕಲ್ಲು ಗುಡ್ಡ ಅಲ್ಲ, ಖಾಲಿಯಾದ ಮೇಲೆ ಒಡೆದು ಹಾಕಿದ ಎಣ್ಣೆ ಜಾಡಿಗಳ ರಾಶಿ. ಬಹುಪಾಲು ಸ್ಪೇನಿನಿಂದ ಬಂದ ಆಲಿವ್ ಎಣ್ಣೆಯದು, ಒಂದೊಂದರಲ್ಲಿ 70 ಲೀಟರಿನಷ್ಟು ಹಿಡಿಯುತ್ತಿತ್ತು. ಜಾಡಿ ಮೇಲೆ ಖಾಲಿ ತೂಕ, ಎಣ್ಣೆ ತೂಕ, ವ್ಯಾಪಾರಿ ಹೆಸರು ಬರೆದಿರುತ್ತಿದ್ದರು. ಇವತ್ತಿನ ಡಬ್ಬದ ಮೇಲಿನ ಲೇಬಲ್ ಇದ್ದ ಹಾಗೆ. ಹೈನ್ರಿಚ್ ಡ್ರೆಸೆಲ್ ಎಂಬ ಜರ್ಮನ್ ವಿದ್ವಾಂಸ ಆ ಬರಹ ಓದುತ್ತಾ ಓದುತ್ತಾ ಜಾಡಿಗಳ ಆಕಾರಕ್ಕೆ ಒಂದೊಂದು ನಂಬರ್ ಕೊಟ್ಟು 1899ರಲ್ಲಿ ಪಟ್ಟಿ ಪ್ರಕಟಿಸಿದ. ಹಿಡಿ ಹೇಗೆ ಬಾಗಿದೆ, ತಳ ಚೂಪೋ ದುಂಡೋ ಅಂತ ನೋಡಿದರೆ ಯಾವ ಸೀಮೆಯ ಜಾಡಿ, ಒಳಗಿದ್ದದ್ದು ಏನು ಅನ್ನುವುದು ಗೊತ್ತಾಗುತ್ತೆ. ಆ ನಂಬರ್ ಇವತ್ತಿಗೂ ಚಲಾವಣೆಯಲ್ಲಿದೆ. ಟೆಸ್ಟಾಚ್ಚೊದ ಎಣ್ಣೆ ಜಾಡಿ ಡ್ರೆಸೆಲ್ 20. ಅರಿಕಮೇಡುವಿನ ದ್ರಾಕ್ಷಾರಸದ ಜಾಡಿಗಳಲ್ಲಿ ಡ್ರೆಸೆಲ್ 2-4 ಅನ್ನುವವು ಇವೆ.

ಈಗ ಬ್ರಹ್ಮಗಿರಿಗೆ ವಾಪಸ್ ಬರೋಣ. ಅರಿಕಮೇಡುವಿನಲ್ಲಿ ಈ ವಿದೇಶಿ ಮಡಕೆಗಳಿದ್ದ ಕಡೆ ಇನ್ನೊಂದು ಥರದ ತಟ್ಟೆಯೂ ಇತ್ತು. ಒಳಗಡೆ ತಳದಲ್ಲಿ ಚುಕ್ಕಿ ಚುಕ್ಕಿ ಗೆರೆಗಳ ಸುತ್ತು, ಕರ್ಜಿಕಾಯಿ ಅಂಚು ಕತ್ತರಿಸುವ ಹಲ್ಲಿನ ಚಕ್ರ ಉರುಳಿಸಿದಂತೆ. ರೂಲೆಟೆಡ್ ಮಡಕೆ ಅಂತ ಇದಕ್ಕೆ ಹೆಸರು. ಅದೇ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕವು. ಚಂದ್ರವಳ್ಳಿಯಲ್ಲಿ ಶಾತವಾಹನ ನಾಣ್ಯಗಳ ಜೊತೆ ಕ್ರಿ.ಶ. 14ರಿಂದ 37ರವರೆಗೆ ರೋಮ್ ಆಳಿದ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತ್ತು. ಹಾಗಾದರೆ ಮೇಲಿನ ಪದರ ಕ್ರಿ.ಶ. 1ನೇ ಶತಮಾನದಿಂದ ಈಚೆಗೆ ಅಂತಾಯಿತು. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕಿ ವ್ಹೀಲರ್ ಬೃಹತ್ ಶಿಲಾಯುಗದ ಜನ ಇಲ್ಲಿಗೆ ಬಂದದ್ದು ಸುಮಾರು ಕ್ರಿ.ಪೂ. 200, ಕಲ್ಲು ಕೊಡಲಿಯವರ ಊರು ಶುರುವಾದದ್ದು ಸುಮಾರು ಕ್ರಿ.ಪೂ. 1000 ಅಂತ ಬರೆದರು.

ಈ ಲೆಕ್ಕದ ಪ್ರಕಾರ ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಅಧಿಕಾರಿಗಳು ಇಸಿಲದಲ್ಲಿ ಕೂತಿದ್ದಾಗ ಸುತ್ತಲಿನ ಜನ ಇನ್ನೂ ಕಲ್ಲು ಕೊಡಲಿ ಹಿಡಿದು ಓಡಾಡುತ್ತಿದ್ದರು ಅಂತಾಗುತ್ತೆ. ಇಲ್ಲಿ ಲೆಕ್ಕ ತಪ್ಪಿತ್ತು.

ಪದರಗಳ ಕ್ರಮ ಸರಿ ಇತ್ತು, ವರ್ಷ ಸರಿ ಇರಲಿಲ್ಲ. ಇದ್ದಿಲಿನಿಂದ ಕಾಲ ತಿಳಿಯುವ ಕಾರ್ಬನ್ ಪರೀಕ್ಷೆ 1949ರ ಹೊತ್ತಿಗೆ ಬಂತು, ವ್ಹೀಲರ್ ಅಗೆಸಿದ ಎರಡು ವರ್ಷಕ್ಕೆ. ಆಮೇಲೆ 1960ರ ದಶಕದಲ್ಲಿ ಬಳ್ಳಾರಿ ಸೀಮೆಯ ತೆಕ್ಕಲಕೋಟೆ, ಈಗಿನ ಹಾವೇರಿ ಜಿಲ್ಲೆಯ ಹಳ್ಳೂರುಗಳಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಹಳ್ಳೂರಿನಲ್ಲಿ ಕಬ್ಬಿಣ, ಕಪ್ಪು-ಕೆಂಪು ಮಡಕೆ ಬಂದ ಕಾಲ ಕ್ರಿ.ಪೂ. 1000ದ ಆಸುಪಾಸು ಅಂತ ಪರೀಕ್ಷೆ ಹೇಳಿತು. ಕಲ್ಲು ಕೊಡಲಿಯವರ ಕಾಲ ಈ ಸೀಮೆಯಲ್ಲಿ ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಹೋಯಿತು. ಅಂದರೆ ಇಲ್ಲಿ ಊರು ಕಟ್ಟಿ, ದನ ಸಾಕಿ, ಬೇಸಾಯ ಮಾಡಿದವರು ಒಂದೇ ಏಟಿಗೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಸರಿದರು. ರೂಲೆಟೆಡ್ ತಟ್ಟೆಯ ಕಥೆಯೂ ತಿರುಗಿತು. ಅದು ರೋಮನ್ನರ ಪ್ರಭಾವದಿಂದ ಬಂದದ್ದು ಅಂದುಕೊಂಡಿದ್ದರು. ಮಣ್ಣಿನ ಪರೀಕ್ಷೆ ಅದು ಭಾರತದಲ್ಲೇ ತಯಾರಾದದ್ದು ಅಂತ ತೋರಿಸಿತು. ರೋಮ್ ವ್ಯಾಪಾರ ಜೋರಾಗುವುದಕ್ಕೂ ಮೊದಲೇ ಅದರ ಬಳಕೆ ಇತ್ತು ಅನ್ನುವುದು ಈಗಿನ ಅಭಿಪ್ರಾಯ.

ಇಷ್ಟೆಲ್ಲ ತಿದ್ದಲು ಆದದ್ದು ಹೇಗೆ? ವ್ಹೀಲರ್ ಪ್ರತಿ ಚೂರಿನ ಪದರವನ್ನೂ ಬರೆದಿಟ್ಟಿದ್ದರು. ವರ್ಷ ತಪ್ಪಾದರೂ ಜೋಡಣೆ ಉಳಿದಿತ್ತು. ಬರೆದಿಡದೆ ಎತ್ತಿದ್ದರೆ ತಪ್ಪು ಯಾವುದು ಅಂತಲೂ ಗೊತ್ತಾಗುತ್ತಿರಲಿಲ್ಲ.

ಗಡಿಗೆ ಒಳಗೆ ನಿಧಿ ಇರುತ್ತಾ?

ಬ್ರಹ್ಮಗಿರಿಯ ಕೆಳಗಿನ ಪದರದಲ್ಲಿ ಮನೆಗಳ ನಡುವೆಯೇ ಹೂತ ಗಡಿಗೆಗಳು ಸಿಕ್ಕಿದ್ದವು. ಒಳಗಿದ್ದದ್ದು ಹಸುಗೂಸುಗಳ ಮೂಳೆ. ದೊಡ್ಡವರನ್ನು ಗುಂಡಿಯಲ್ಲಿ ಉದ್ದಕ್ಕೆ ಮಲಗಿಸುತ್ತಿದ್ದರು, ತೀರಿಹೋದ ಎಳೆ ಮಕ್ಕಳನ್ನು ಗಡಿಗೆಯಲ್ಲಿಟ್ಟು ಮನೆಯ ಹತ್ತಿರವೇ ಹೂಳುತ್ತಿದ್ದರು. ತೆಕ್ಕಲಕೋಟೆಯಲ್ಲೂ ಇಂಥವು ಸಿಕ್ಕಿವೆ. ರಾತ್ರಿ ಹೊತ್ತು ಬ್ಯಾಟರಿ ಹಿಡಿದು ನಿಧಿಗೆ ಅಂತ ಅಗೆದು ಒಡೆಯುವ ಎಷ್ಟೋ ಗಡಿಗೆಗಳು ಇದೇ ಜಾತಿಯವು ಆಗಿರಬಹುದು. ಕಲ್ಲು ಚಪ್ಪಡಿಯ ಗೋರಿಗಳಲ್ಲೂ ಅಷ್ಟೇ. ಹೆಚ್ಚಾಗಿ ಸಿಗುವುದು ಮಡಕೆ, ಮೂಳೆ ಚೂರು, ತುಕ್ಕು ಹಿಡಿದ ಕಬ್ಬಿಣ, ಒಂದಿಷ್ಟು ಮಣಿ. ಚಪ್ಪಡಿ ಉರುಳಿಸಿದವರಿಗೆ ದಕ್ಕುವುದು ಕಡಿಮೆ, ಕಳೆಯುವುದು ಮಾತ್ರ ಇಡೀ ಊರಿನದು.

ಕಾನೂನು ಏನು ಹೇಳುತ್ತೆ ಅನ್ನುವುದನ್ನೂ ತಿಳಿದಿರಬೇಕು. ನೆಲದಲ್ಲಿ ಸಿಕ್ಕ ಬೆಲೆಯುಳ್ಳ ವಸ್ತುವಿನ ವಿಷಯ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅನ್ನುವ ನಿಯಮ 1878ರ ಕಾಯ್ದೆಯಿಂದಲೂ ಇದೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಗುಜರಿ ಅಂಗಡಿಯವರು, ಹಳೇ ಸಾಮಾನು ಕೊಳ್ಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು.

ಪಾಯದಲ್ಲಿ ಗಡಿಗೆ ಕಂಡರೆ ಮಾಡಬೇಕಾದದ್ದು ಕಷ್ಟದ್ದಲ್ಲ. ಅಲ್ಲಿ ಅಗೆಯುವುದನ್ನು ನಿಲ್ಲಿಸಿ, ಎತ್ತುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೋ ಟೇಪೋ ಇಡಿ. ನೆಲದಿಂದ ಎಷ್ಟು ಆಳ, ಮೇಲೆ ಯಾವ ಮಣ್ಣು, ಕೆಳಗೆ ಯಾವ ಮಣ್ಣು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಳಗಿನ ಮಣ್ಣನ್ನು ಕೆದಕಬೇಡಿ, ತೊಳೆಯಬೇಡಿ. ಗ್ರಾಮ ಪಂಚಾಯಿತಿಗೆ ಅಥವಾ ತಹಶೀಲ್ದಾರ್ ಕಚೇರಿಗೆ ಸುದ್ದಿ ಮುಟ್ಟಿಸಿ, ಅಲ್ಲಿಂದ ಪುರಾತತ್ವ ಇಲಾಖೆಗೆ ಹೋಗುತ್ತೆ. ಬರುವುದು ತಡವಾದರೆ ಮಳೆಗೆ ನೆನೆಯದಂತೆ ಒಂದು ತಾಡಪಾಲು ಹೊದಿಸಿಟ್ಟರೆ ಸಾಕು.

ಚಿತ್ರದುರ್ಗಕ್ಕೆ ಕೆಲಸಕ್ಕೆ ಹೋದಾಗ ಅರ್ಧ ಗಂಟೆ ಬಿಡುವಿದ್ದರೆ ರಂಗಯ್ಯನ ಬಾಗಿಲ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯ ಹೊಕ್ಕು ಬನ್ನಿ. ಅಲ್ಲಿ ಹಳೇ ಮಡಕೆ ಕಂಡರೆ ಹೊಟ್ಟೆ ಬಿಟ್ಟು ಬಾಯಂಚು ನೋಡಿ.